ಆವಿಗೆ ತೆರೆಯುವವರೆಗೆ

ಬೇಸಿಗೆ ಬಂತೆಂದರೆ ಕಲಬುರಗಿಯ ಮನೆಮನೆಗಳಲ್ಲಿ ಹೊಸ ಮಡಕೆಯ ಮಾತು ಏಳುತ್ತದೆ. ಬಿಸಿಲು 42 ಡಿಗ್ರಿ ದಾಟುವ ಈ ಊರಿನಲ್ಲಿ, ಫ್ರಿಜ್ಜಿನ ನೀರು ಕುಡಿದು ಗಂಟಲು ಕೆಡಿಸಿಕೊಂಡವರೂ ಕೊನೆಗೆ ಮಣ್ಣಿನ ಕೊಡವನ್ನೇ ಅರಸಿಕೊಂಡು ಬರುತ್ತಾರೆ. ರಸ್ತೆ ಬದಿಯಲ್ಲಿ ಹುಲ್ಲು ಹಾಸಿ ಒಟ್ಟಿದ ಮಡಕೆಗಳ ಮುಂದೆ ನೀವೂ ನಿಂತಿದ್ದೀರಿ, ನಾನೂ ನಿಂತಿದ್ದೇನೆ. ಕೈಗೆ ಸಿಕ್ಕಿದ್ದನ್ನು ಎತ್ತಿ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತೇವೆ. ಠಣ್ ಎಂದರೆ ಹಣ ಕೊಡುತ್ತೇವೆ. ದಬ್ ಎಂದರೆ ಕೆಳಗಿಟ್ಟು ಇನ್ನೊಂದನ್ನು ಎತ್ತುತ್ತೇವೆ. ಹಾಗೆ ಕೆಳಗಿಟ್ಟ ಮಡಕೆಯ ಗತಿ ಮುಂದೇನಾಯಿತೆಂದು ನಾವು ಎಂದಾದರೂ ಕೇಳಿದ್ದೇವೆಯೇ?

ನಾನಂತೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಒಬ್ಬ ಹುಡುಗ.

ಓದುಗ ಮಿತ್ರರೇ, ನಾನು ವೃತ್ತಿಯಿಂದ ಅಧ್ಯಾಪಕ. ಮದ್ರಸದಲ್ಲಿ ಕಲಿತು, ಅನಂತರ ಕನ್ನಡದಲ್ಲಿ ಬಿ.ಎ. ಮಾಡಿ, ಮಕ್ಕಳಿಗೆ ಕನ್ನಡ ಹೇಳಿಕೊಡುವ ಕೆಲಸದಲ್ಲಿದ್ದೇನೆ. ನನ್ನ ತರಗತಿಯ ಹೆಚ್ಚಿನ ಮಕ್ಕಳ ಮನೆಮಾತು ದಖನಿ ಉರ್ದು. ಕನ್ನಡದ ಒತ್ತಕ್ಷರ ಅವರಿಗೆ ಕಡಿದಾದ ಮೆಟ್ಟಿಲು. ಅವರಲ್ಲಿ ಒಬ್ಬ ಹುಡುಗ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಬೇರೆಲ್ಲ ವಿಷಯಗಳಲ್ಲಿ ಪಾಸಾಗಿ ಕನ್ನಡವೊಂದರಲ್ಲೇ ನಪಾಸಾದ. ಅಂದರೆ ನನ್ನ ವಿಷಯದಲ್ಲೇ. ಪರೀಕ್ಷೆಗೆ ಎರಡು ತಿಂಗಳ ಮೊದಲು ಇಡೀ ತರಗತಿಯ ಮುಂದೆ ನಾನು ಅವನಿಗೆ ಅಂದಿದ್ದೆ: "ನಿನ್ನ ತಲೆಯಲ್ಲಿ ಬರೀ ಮಣ್ಣು ತುಂಬಿದೆ." ಮಕ್ಕಳು ನಕ್ಕಿದ್ದರು. ನಾನೂ ನಕ್ಕಿದ್ದೆ. ಫಲಿತಾಂಶ ಬಂದ ದಿನದಿಂದ ಆ ಹುಡುಗ ಮಸೀದಿಯಲ್ಲಿ ನನ್ನನ್ನು ಕಂಡರೆ ಹಿಂದಿನ ಸಾಲಿಗೆ ಸರಿಯತೊಡಗಿದ.

ಅದೇ ಬೇಸಿಗೆಯಲ್ಲಿ ಬಂಧುಗಳ ಮನೆಯ ಮದುವೆಗೆಂದು ಕಮಲಾಪುರಕ್ಕೆ ಹೋಗಿದ್ದೆ. ನಮ್ಮ ಶಾಲೆಯ ಮಕ್ಕಳಿಗೆ ಕುಡಿಯುವ ನೀರಿಡಲು ನಾಲ್ಕು ಹರವಿ ಬೇಕಾಗಿದ್ದವು. ಮಣ್ಣಿನ ಬಗ್ಗೆ ನಾನಾಡಿದ ಮಾತಿನ ಅರ್ಥ ನನಗೆ ತಿಳಿದದ್ದು ಅಲ್ಲಿ.

ಕಮಲಾಪುರದ ಆವಿಗೆ

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು. ಊರಂಚಿನಲ್ಲಿದ್ದ ಕುಂಬಾರರ ಮನೆಗೆ ನಾನು ಹೋದಾಗ ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಮನೆಯ ಹಿರಿಯರು, ಅವರ ಮಡದಿ, ಸೊಸೆ, ಮೊಮ್ಮಗ ಎಲ್ಲರೂ ಆವಿಗೆಯ ಸುತ್ತ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾನು ಮಡಕೆಯ ಬೆಲೆ ಕೇಳಿದೆ. "ಕೂಡ್ರಿ ಮಾಸ್ತರ. ಆವಿಗಿ ಇನ್ನಾ ತಗದಿಲ್ಲ. ಒಳಗ ಮಡಕಿ ಅದಾವೋ ಬೋಕಿ ಅದಾವೋ ದೇವ್ರಿಗೇ ಗೊತ್ತು. ಇಲ್ಲದ ಮಾಲಿಗೆ ಬೆಲಿ ಹೆಂಗ ಹೇಳ್ಲಿ?" ಅಂದರು ಹಿರಿಯರು.

ಅವರ ಕೆಲಸದ ಕ್ರಮವನ್ನು ನಿಮಗೆ ಸ್ವಲ್ಪ ವಿವರಿಸಲೇಬೇಕು. ಅದನ್ನು ತಿಳಿಯದೆ ಈ ಪ್ರಶ್ನೆಯ ತೂಕ ತಿಳಿಯದು. ಕೆರೆಯಿಂದ ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಸೋಸಿ, ನೆನೆಹಾಕಿ ತುಳಿಯುತ್ತಾರೆ. ನುಣ್ಣನೆಯ ಜೇಡಿ ಒಂದೇ ಇದ್ದರೆ ಒಣಗುವಾಗ ಕುಗ್ಗಿ ಸೀಳುತ್ತದೆ. ಆದ್ದರಿಂದ ಉಸುಕು, ಬೂದಿ ಬೆರೆಸಿ ಹದ ಮಾಡುತ್ತಾರೆ. ತಿಗರಿಯ ಮೇಲೆ ಬಾಯಿ, ಕತ್ತುಗಳನ್ನು ಎಬ್ಬಿಸಿ, ಅರೆ ಒಣಗಿದ ಮೇಲೆ ಒಳಗೊಂದು ಕಲ್ಲು ಹಿಡಿದು ಹೊರಗೆ ಮರದ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆಯನ್ನು ದೊಡ್ಡದು ಮಾಡುತ್ತಾರೆ. ನೆರಳಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಅನಂತರ ಕುಳ್ಳು, ತೊಗರಿ ಕಟ್ಟಿಗೆಗಳ ನಡುವೆ ಮಡಕೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಹುಲ್ಲು, ಬೂದಿ, ಒಡೆದ ಬೋಕಿಗಳನ್ನು ಮುಚ್ಚಿ ಬೆಂಕಿ ಕೊಡುತ್ತಾರೆ. ಇಷ್ಟಾದ ಮೇಲೆ ಮನುಷ್ಯನ ಕೈ ಹೆಚ್ಚೇನನ್ನೂ ಮಾಡಲಾರದು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಕುಳ್ಳು ಎಲ್ಲಿ ಜೋರಾಗಿ ಉರಿಯುತ್ತದೆ, ಅಕಾಲದ ಮಳೆ ಬೀಳುತ್ತದೆಯೇ, ಇವಾವುವೂ ಅವನ ಕೈಯಲ್ಲಿಲ್ಲ.

"ಮಣ್ಣು ನಂದು, ಕೈ ನಂದು, ಕಟಗಿ ನಂದು. ಬೆಂಕಿ ಮಾತ್ರ ನಂದಲ್ರೀ," ಎಂದರು ಹಿರಿಯರು.

ಬೂದಿ ಸರಿಸಿ ಒಂದೊಂದನ್ನೇ ಹೊರತೆಗೆದರು. ಸೊಸೆ ಪ್ರತಿಯೊಂದನ್ನೂ ಬಡಿದು ನೋಡಿ ಎರಡು ಗುಂಪು ಮಾಡಿದಳು. 120 ಮಡಕೆಗಳಲ್ಲಿ 19 ಕೆಟ್ಟಿದ್ದವು. ಕೆಲವು ಎರಡು ಹೋಳಾಗಿದ್ದವು. ಕೆಲವಕ್ಕೆ ಕೂದಲೆಳೆಯಷ್ಟು ಸೀಳು. ಒಂದು ಹರವಿ ಪಕ್ಕದ್ದರ ಭಾರಕ್ಕೆ ಒಂದು ಮಗ್ಗುಲಿಗೆ ತಗ್ಗು ಬಿದ್ದಿತ್ತು. ಇನ್ನೊಂದು ಕೊಡ ಗಟ್ಟಿಯಾಗಿತ್ತು, ಠಣ್ ಎನ್ನುತ್ತಿತ್ತು. ಆದರೆ ಅದರ ಕೆಂಪು ಮೈಯ ಮೇಲೆ ಬುಡದಿಂದ ಕತ್ತಿನವರೆಗೆ ಕಪ್ಪು ಹೊಗೆಯ ಗುರುತು, ಮುಂಗಾರಿನ ಮೋಡ ಎದ್ದಂತೆ. ಅಷ್ಟು ಹೊತ್ತು ವ್ಯಾಪಾರದ ಮಾತನ್ನೇ ಯೋಚಿಸುತ್ತಿದ್ದ ನನಗೆ ಅದನ್ನು ಕಂಡು "ಸುಬ್ಹಾನಲ್ಲಾಹ್" ಎಂಬ ಮಾತು ತಾನಾಗಿ ಬಾಯಿಗೆ ಬಂತು.

ಹಿರಿಯರು ನಕ್ಕರು. "ಇದಕ್ಕ ಗಿರಾಕಿ ಬರಂಗಿಲ್ರಿ ಮಾಸ್ತರ. ಕರಿ ಬಿದ್ದದ ಅಂತಾರ." ಹಿಂದೊಮ್ಮೆ ಪೇಟೆಯಿಂದ ಬಂದ ಯಾರೋ ಒಬ್ಬರು ಇಂಥದೇ ಕೊಡವನ್ನು ಕಲೆಯೆಂದು ಮೆಚ್ಚಿ ಮೂರು ಪಟ್ಟು ಹಣ ಕೊಡಲು ಮುಂದಾಗಿದ್ದರಂತೆ. ಇವರು ಒಂದು ಕೊಡದ ಬೆಲೆಯನ್ನಷ್ಟೇ ತೆಗೆದುಕೊಂಡರಂತೆ. ಏಕೆ ಎಂದು ಕೇಳಿದೆ. "ಅದು ಬೆಂಕಿ ಬರದ ಚಿತ್ರರೀ. ನಾ ಬರೀಲಾರದ್ದಕ್ಕ ನಾ ಕೂಲಿ ಹೆಂಗ ತಗೋಳ್ಳಿ?"

ಅವರು ಹಣ ತೆಗೆದುಕೊಂಡಿದ್ದರೆ ಅದರಲ್ಲಿ ಅಧರ್ಮವೇನೂ ಇರಲಿಲ್ಲ. ಒಪ್ಪಿದ ಬೆಲೆಗೆ ಒಪ್ಪಿದ ವಸ್ತು. ಆದರೂ ಆ ಮಾತು ನನ್ನನ್ನು ನಾಚಿಸಿತು. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಉತ್ತಮ ಅಂಕ ಪಡೆದರೆ "ನನ್ನ ಶಿಷ್ಯ" ಎನ್ನುತ್ತೇನೆ. ನಪಾಸಾದರೆ "ಅವನ ತಲೆ ಮಣ್ಣು" ಎನ್ನುತ್ತೇನೆ. ಗೆಲುವನ್ನು ನನ್ನ ಖಾತೆಗೂ ಸೋಲನ್ನು ಅವನ ಖಾತೆಗೂ ಬರೆಯುವ ಈ ಲೆಕ್ಕ ಯಾವ ನ್ಯಾಯ?

ಸೋಲುಗಳೆಲ್ಲ ಒಂದೇ ಅಲ್ಲ

ಸೋಲಿನಲ್ಲೂ ಸೌಂದರ್ಯವಿದೆ ಎಂಬ ಮಾತು ಇಂದು ಎಲ್ಲರ ಬಾಯಲ್ಲಿದೆ. ಜಪಾನಿನಲ್ಲಿ ಒಡೆದ ಬಟ್ಟಲನ್ನು ಅರಗಿನಿಂದ ಕೂಡಿಸಿ, ಆ ಬಿರುಕಿನ ಮೇಲೆ ಚಿನ್ನದ ಪುಡಿ ಹಚ್ಚಿ, ಗಾಯವನ್ನೇ ಒಡವೆಯಾಗಿಸುವ 'ಕಿಂತ್ಸುಗಿ' ಎಂಬ ಕಲೆ ಇದೆ. ಒಲೆಯೊಳಗೆ ಅನಿರೀಕ್ಷಿತವಾಗಿ ಮೂಡಿದ ಬಣ್ಣಗಳಿಗೆ ಚೀನಾ, ಜಪಾನುಗಳ ಕುಂಬಾರರು ಬೇರೆಯೇ ಹೆಸರಿಟ್ಟು ಗೌರವಿಸಿದರು. ಇವೆಲ್ಲ ನಿಜ, ಚೆನ್ನಾಗಿಯೂ ಇವೆ. ಆದರೆ ಮಾತು ಚೆಂದವಿದೆಯೆಂದು ಅದನ್ನು ಪರೀಕ್ಷಿಸದೆ ಒಪ್ಪಬಾರದು. ಮಡಕೆಯನ್ನು ಬಡಿದು ನೋಡುವ ನಾವು ಮಾತನ್ನೂ ಬಡಿದು ನೋಡಬೇಕಲ್ಲವೇ?

ಕಮಲಾಪುರದ ಅಂಗಳದಲ್ಲಿ ಕೆಟ್ಟ 19 ಮಡಕೆಗಳು ಒಂದೇ ಕಾರಣಕ್ಕೆ ಕೆಟ್ಟಿರಲಿಲ್ಲ. ಹಿರಿಯರು ಒಂದೊಂದನ್ನೇ ಎತ್ತಿ ಕಾರಣ ಹೇಳಿದರು. ನನಗೆ ಅದರಲ್ಲಿ ಮೂರು ಬಗೆ ಕಂಡವು.

ಮೊದಲನೆಯದು ಅವಸರದ್ದು. ಮಡಕೆ ಹೊರಗೆ ಒಣಗಿದಂತೆ ಕಂಡರೂ ದಪ್ಪ ಬುಡದೊಳಗೆ ತೇವ ಉಳಿದಿರುತ್ತದೆ. ಬೆಂಕಿ ತಾಗಿದೊಡನೆ ಆ ನೀರು ಆವಿಯಾಗಿ ಹೊರಬರಲು ದಾರಿ ಕಾಣದೆ ಮಡಕೆಯನ್ನು ಸಿಡಿಸುತ್ತದೆ. "ಇದು ಬೆಂಕಿ ತಪ್ಪಲ್ರೀ, ನಂದು. ಮದಿವಿ ಸೀಜನ್ ಅಂತ ಗಡಿಬಿಡಿ ಮಾಡ್ದೆ," ಎಂದು ಅವರು ನೇರವಾಗಿ ಒಪ್ಪಿಕೊಂಡರು. ಇದರಲ್ಲಿ ಸೌಂದರ್ಯ ಹುಡುಕಬೇಕಿಲ್ಲ. ಪಾಠ ಹುಡುಕಬೇಕು. ಪ್ರವಾದಿವರ್ಯರು(ಸ) ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಕಲಿಸಿದ್ದನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಕಟ್ಟದೆ ಬಿಟ್ಟ ಒಂಟೆ ಓಡಿಹೋದರೆ ಅದನ್ನು ತಕ್ದೀರ್ ಎನ್ನುವುದು ತವಕ್ಕುಲ್ ಅಲ್ಲ, ಸೋಮಾರಿತನ.

ಎರಡನೆಯದು ಅಡಗಿಕೊಂಡಿರುವ ದೋಷ. ನಮ್ಮ ಈ ಭಾಗದ ಎರೆ ಮಣ್ಣಿನಲ್ಲಿ ಸುಣ್ಣದ ಹರಳುಗಳು ಬಹಳ. ಸೋಸುವಾಗ ಒಂದು ಸಣ್ಣ ಹರಳು ತಪ್ಪಿಸಿಕೊಂಡು ಮಣ್ಣಿನೊಳಗೆ ಉಳಿಯಿತೆನ್ನಿ. ಬೆಂಕಿ 800 ಡಿಗ್ರಿ ದಾಟಿ ಏರಿದಂತೆ ಅದು ಸುಟ್ಟ ಸುಣ್ಣವಾಗುತ್ತದೆ. ಆವಿಗೆಯಿಂದ ತೆಗೆದಾಗ ಮಡಕೆ ಚೆನ್ನಾಗಿಯೇ ಇರುತ್ತದೆ, ಚೆನ್ನಾಗಿಯೇ ಸದ್ದು ಮಾಡುತ್ತದೆ. ಆದರೆ ಗಾಳಿಯ ತೇವವನ್ನೋ, ತುಂಬಿಟ್ಟ ನೀರನ್ನೋ ಹೀರಿಕೊಂಡು ಆ ಸುಣ್ಣ ಅರಳಿ ಉಬ್ಬುತ್ತದೆ. ನಾಲ್ಕು ದಿನವೋ ನಾಲ್ಕು ವಾರವೋ ಕಳೆದ ಮೇಲೆ ಆ ಜಾಗದಲ್ಲಿ ಚಿಪ್ಪಿನಂತೆ ಒಂದು ಚೂರು ಹಾರಿಹೋಗುತ್ತದೆ. ನಮ್ಮೊಳಗಿನ ಸಣ್ಣ ಸುಳ್ಳುಗಳೂ ಹಾಗೆಯೇ ಅಲ್ಲವೇ? ಪರೀಕ್ಷೆಯ ದಿನ ದಾಟಿಕೊಳ್ಳುತ್ತವೆ. ಬೇರೊಂದು ದಿನ, ಕೇವಲ ಒಂದು ತೊಟ್ಟು ನೀರಿಗೆ, ಸಿಡಿದು ಹೊರಬೀಳುತ್ತವೆ.

ಇಲ್ಲೇ ವ್ಯಾಪಾರದ ನೀತಿಯೂ ಬರುತ್ತದೆ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಡೆ ಒದ್ದೆಯಿರುವುದನ್ನು ಕಂಡು, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದ ಪ್ರಸಂಗ ಹದೀಸಿನಲ್ಲಿದೆ. ಸೀಳಿದ ಮಡಕೆಗೆ ಮೇಣ ತುಂಬಿ, ಕೆಮ್ಮಣ್ಣು ಬಳಿದು ಮಾರುವವನೂ, "ಬಿರುಕೇ ಇದರ ಚೆಲುವು" ಎಂದು ಹೇಳಿ ಮಾರುವವನೂ ಹೆಚ್ಚು ದೂರದವರಲ್ಲ. ಚಿನ್ನ ತುಂಬಿದ ಜಪಾನಿನ ಬಟ್ಟಲು ತನ್ನ ಬಿರುಕನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಅದರ ಚೆಲುವು ಅದರ ಪ್ರಾಮಾಣಿಕತೆಯಲ್ಲಿದೆ.

ಮೂರನೆಯದು ಯಾರ ತಪ್ಪೂ ಅಲ್ಲದ್ದು. ಮಣ್ಣು ಸರಿಯಿತ್ತು, ಕೈ ಸರಿಯಿತ್ತು, ಒಣಗಿದ್ದೂ ಸರಿಯಿತ್ತು. ರಾತ್ರಿ ಗಾಳಿ ದಿಕ್ಕು ಬದಲಿಸಿತು, ಅಷ್ಟೇ. ಆ ಕರಿಮೋಡದ ಕೊಡ ಈ ಬಗೆಯದು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿ ಚೆನ್ನಾಗಿ ಸಿಕ್ಕಾಗ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ಮುತ್ತಿಕೊಂಡಾಗ ಕಪ್ಪಾಗುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ, ಬೃಹತ್ ಶಿಲಾಸಮಾಧಿಗಳ ಕಾಲದ ಜನರ ಮಡಕೆಗಳು ಸಿಕ್ಕವು: ಹೊರಮೈ ಕೆಂಪು, ಒಳಮೈ ಮತ್ತು ಕಂಠ ಕಪ್ಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿಯಾಡದೆ ಹೀಗಾಗುತ್ತದೆ ಎನ್ನುತ್ತಾರೆ ಬಲ್ಲವರು. ಯಾವುದೋ ಒಂದು ಕಾಲದ ಯಾವುದೋ ಒಬ್ಬ ಕುಂಬಾರನಿಗೆ ಅದು ಮೊದಲ ಸಲ ಆಕಸ್ಮಿಕವಾಗಿಯೇ ಆಗಿರಬೇಕು. ಅವನು ಅದನ್ನು ಎಸೆಯದೆ, ನಿಂತು ನೋಡಿದ. ನೋಡಿದ್ದರಿಂದ ಕಲಿತ.

ಬಸ್ರಾದ ಕುಂಬಾರರು ಮತ್ತು ಬೀದರಿನ ಗೋಡೆ

ನಿಂತು ನೋಡಿದವರ ಇನ್ನೊಂದು ಕಥೆ ಮುಸ್ಲಿಮ್ ಇತಿಹಾಸದಲ್ಲಿದೆ. 9ನೇ ಶತಮಾನದಲ್ಲಿ, ಅಬ್ಬಾಸಿ ಖಲೀಫರ ಕಾಲದಲ್ಲಿ, ಚೀನಾದಿಂದ ಇರಾಕಿಗೆ ಬೆಳ್ಳನೆಯ ಪಿಂಗಾಣಿ ಬರುತ್ತಿತ್ತು. ಬಸ್ರಾದ ಕುಂಬಾರರು ಅಂಥದನ್ನೇ ತಯಾರಿಸಲು ಹೆಣಗಿದರು. ಸಾಧ್ಯವಾಗಲಿಲ್ಲ. ಚೀನಾದ ಬಿಳಿಮಣ್ಣು ಅವರಲ್ಲಿರಲಿಲ್ಲ, ಅಷ್ಟು ಕಾವು ಕೊಡುವ ಒಲೆಗಳೂ ಇರಲಿಲ್ಲ. ಅವರ ಮಣ್ಣು ಸುಟ್ಟರೆ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು. ಆಗ ಅವರು ಮೇಲೆ ಹಚ್ಚುವ ಗಾಜಿನ ಲೇಪಕ್ಕೆ ತವರದ ಭಸ್ಮ ಬೆರೆಸಿ, ಹಾಲಿನಂತೆ ಬೆಳ್ಳಗಿನ ಹೊದಿಕೆಯೊಂದನ್ನು ಸಿದ್ಧಪಡಿಸಿದರು. ಅದು ಚೀನಾದ ಪಿಂಗಾಣಿ ಆಗಲಿಲ್ಲ. ಆದರೆ ಚೀನಾದಲ್ಲಿಲ್ಲದ ಹೊಸತೊಂದು ಹುಟ್ಟಿತು. ಆ ಬಿಳಿಯ ಮೇಲೆ ಅವರು ನೀಲಿ ಬಣ್ಣದಲ್ಲಿ ಬರೆದರು. ಬೆಳ್ಳಿ, ತಾಮ್ರಗಳ ಲೇಪದಿಂದ ಚಿತ್ರಿಸಿ, ಹೊಗೆಯಲ್ಲಿ ಎರಡನೆಯ ಸಲ ಸುಟ್ಟು, ಲೋಹದ ಹೊಳಪು ಬರಿಸಿದರು. ಮುಂದೆ ಈ ವಿದ್ಯೆ ಸ್ಪೇನಿಗೆ, ಇಟಲಿಗೆ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದವರೆಗೆ ಹೋಯಿತು. ಒಂದು ಸೋಲಿನ ಮಕ್ಕಳು ಮೊಮ್ಮಕ್ಕಳು ಅರ್ಧ ಜಗತ್ತನ್ನು ತುಂಬಿದರು. ಇರಾನಿನ ಕಾಶಾನಿನ ಕುಂಬಾರ ಮನೆತನಕ್ಕೆ ಸೇರಿದ ಅಬುಲ್ ಖಾಸಿಮ್ ಎಂಬ ವಿದ್ವಾಂಸರು 1301ರಲ್ಲಿ ಈ ಕಲೆಯ ರಹಸ್ಯಗಳನ್ನು ಬರೆದಿಟ್ಟರು.

ಇದು ಎಲ್ಲೋ ದೂರದ ಕಥೆಯಲ್ಲ. ಕಮಲಾಪುರದ ಹಾದಿಯಲ್ಲೇ ಮುಂದೆ ಸಾಗಿ ಹುಮನಾಬಾದ್ ದಾಟಿ ಬೀದರಿಗೆ ಹೋಗಿರಿ. ಬಹಮನಿಗಳೂ ಕಲಬುರಗಿಯಿಂದ ತಮ್ಮ ರಾಜಧಾನಿಯನ್ನು 15ನೇ ಶತಮಾನದಲ್ಲಿ ಬೀದರಿಗೇ ಒಯ್ದರು. ಅಲ್ಲಿ ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಮಹಮೂದ್ ಗಾವಾನರು ಕಟ್ಟಿಸಿ 1472ರಲ್ಲಿ ಪೂರ್ತಿಗೊಳಿಸಿದ ಮದ್ರಸ ನಿಂತಿದೆ. ಅದರ ಮುಂಗೋಡೆ, ಮೀನಾರುಗಳಿಗೆಲ್ಲ ನೀಲಿ, ಬಿಳಿ, ಹಳದಿ, ಹಸಿರು ಬಣ್ಣದ ಹೊಳಪಿನ ಹೆಂಚುಗಳನ್ನು ಹೊದಿಸಿದ್ದರು. 1481ರಲ್ಲಿ ಸುಳ್ಳು ಆರೋಪವೊಂದರ ಮೇಲೆ ಸುಲ್ತಾನನು ಗಾವಾನರ ತಲೆ ಕಡಿಸಿದ. 1696ರಲ್ಲಿ ಮೊಗಲರ ಕಾಲದಲ್ಲಿ ಅಲ್ಲಿ ಸಂಗ್ರಹಿಸಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಎರಡು ಮೀನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಅದರ ಮೈಮೇಲೂ ಹೆಂಚುಗಳು ಅಲ್ಲೊಂದು ಇಲ್ಲೊಂದು ಅಂಟಿಕೊಂಡಿವೆ.

ನಾನು ವಿದ್ಯಾರ್ಥಿಯಾಗಿದ್ದಾಗ ಆ ಗೋಡೆಯ ಮುಂದೆ ನಿಂತು, ಇದು ಪೂರ್ತಿಯಾಗಿ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಲುಬಿದ್ದೆ. ಈಗ ಬೇರೆ ರೀತಿ ಯೋಚಿಸುತ್ತೇನೆ. ಉದುರಿದ ಹೆಂಚುಗಳ ಜಾಗದಲ್ಲಿ ಒಳಗಿನ ಕಲ್ಲು ಗಾರೆ ಕಾಣುತ್ತದೆ. ಅದನ್ನು ಕಂಡಾಗಲೇ, ಉಳಿದ ನೀಲಿಯು ಐನೂರು ವರ್ಷಗಳ ಬಿಸಿಲು ಮಳೆಯಲ್ಲಿ ಹೇಗೆ ಹಿಡಿದುಕೊಂಡಿದೆ ಎಂಬ ಅಚ್ಚರಿ ಹುಟ್ಟುವುದು. ನಾಶವನ್ನು ನಾನು ಮೆಚ್ಚುತ್ತಿಲ್ಲ. ಮದ್ದು ಸಿಡಿದದ್ದು ಒಳ್ಳೆಯದಾಯಿತೆಂದು ಯಾವ ಬುದ್ಧಿವಂತನೂ ಹೇಳಲಾರ. ಉಳಿದದ್ದನ್ನು ಕೃತಜ್ಞತೆಯಿಂದ ನೋಡುವ ಕಣ್ಣು ಬೇರೆ, ಕಳೆದುಕೊಂಡದ್ದನ್ನು ಹೊಗಳುವ ನಾಲಗೆ ಬೇರೆ.

ನಷ್ಟ ಯಾರದು?

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ. "ಮಾಸ್ತರೇ, 19 ಮಡಕೆ ಒಡೆದದ್ದು ಕುಂಬಾರನದು. ನೀವು ಬಿಸಿಲಲ್ಲಿ ನಿಂತು ಚೆಲುವು ಕಂಡಿರಿ. ಸಂಜೆ ಅವನ ಮನೆಯಲ್ಲಿ ಹಿಟ್ಟಿನ ಲೆಕ್ಕ ಹೇಗೆ?" ಎಂದು ನೀವು ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ. ಹಿರಿಯರ ಮಡದಿ ಒಡೆದ ಹೋಳುಗಳನ್ನು ಆಯುವಾಗ ಒಂದೂ ಮಾತಾಡಲಿಲ್ಲ. ಆ ಮೌನ ನನ್ನ "ಸುಬ್ಹಾನಲ್ಲಾಹ್"ಗಿಂತ ಭಾರವಾಗಿತ್ತು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಹುಟ್ಟಿದ್ದು ಸುಮ್ಮನೆಯೇ?

ನಷ್ಟ ಹೊತ್ತವನಿಗೆ ನೋಡುಗನು ಹೇಳುವ "ಇದರಲ್ಲೂ ಸೊಗಸಿದೆ" ಎಂಬ ಮಾತು ಎಷ್ಟೋ ಸಲ ಕ್ರೌರ್ಯವಾಗುತ್ತದೆ. ಬೆಳೆ ಒಣಗಿದ ರೈತನಿಗೆ, ಮಗು ಕಳೆದುಕೊಂಡ ತಾಯಿಗೆ ನಾವು ಸಬ್ರಿನ ಉಪದೇಶವನ್ನು ಬಹಳ ಬೇಗ, ಬಹಳ ಅಗ್ಗವಾಗಿ ಕೊಡುತ್ತೇವೆ. ಸಹನೆಯೆಂಬುದು ಹೊಡೆತ ಬಿದ್ದ ಮೊದಲ ಕ್ಷಣದ್ದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹೊಡೆತ ಬಿದ್ದವನೇ ಅದನ್ನು ಆರಿಸಿಕೊಳ್ಳಬೇಕು. ಪಕ್ಕದಲ್ಲಿ ನಿಂತವನ ಕರ್ತವ್ಯ ಬೇರೆ: ಹೆಗಲು ಕೊಡುವುದು. ಆದ್ದರಿಂದ ನಾನು ನನಗೇ ಒಂದು ನಿಯಮ ಹಾಕಿಕೊಂಡಿದ್ದೇನೆ. ಇನ್ನೊಬ್ಬರ ಸೋಲಿನಲ್ಲಿ ಚೆಲುವು ಕಾಣುವ ಮೊದಲು ಅವರ ನಷ್ಟದಲ್ಲಿ ಪಾಲು ತೆಗೆದುಕೊಳ್ಳಬೇಕು. ಆ ದಿನ ತಗ್ಗು ಬಿದ್ದ ಹರವಿಯನ್ನು ನಾನು ಪೂರ್ತಿ ಬೆಲೆಗೇ ಕೊಂಡೆ. ಹಿರಿಯರು ಬೇಡವೆಂದರು. "ನೀರು ಹಿಡಿಯುತ್ತದಲ್ಲ, ಬೆಲೆಯೂ ಹಿಡಿಯಲಿ" ಎಂದೆ.

ಆಮೇಲೆ ಅವರೇ ನನಗೆ ತೋರಿಸಿದ್ದನ್ನು ನಿಮಗೆ ಹೇಳಲೇಬೇಕು. ಒಡೆದ ಮಡಕೆಗಳನ್ನು ಅವರು ಎಸೆಯುವುದಿಲ್ಲ. ದೊಡ್ಡ ಬೋಕಿಗಳು ಮುಂದಿನ ಆವಿಗೆಯ ಮುಚ್ಚಳವಾಗುತ್ತವೆ. ಹೊಸ ಮಡಕೆಗಳ ಕಾವು ಹೊರಹೋಗದಂತೆ, ತಣ್ಣನೆಯ ಗಾಳಿ ತಟ್ಟನೆ ನುಗ್ಗದಂತೆ ಕಾಯುವುದು ಹಳೆಯ ಒಡಕುಗಳೇ. ಚೂರುಗಳನ್ನು ಕುಟ್ಟಿ ಪುಡಿ ಮಾಡಿ ಹೊಸ ಮಣ್ಣಿಗೆ ಬೆರೆಸಿದರೆ ಆ ಮಣ್ಣು ಕಡಿಮೆ ಕುಗ್ಗುತ್ತದೆ, ಕಡಿಮೆ ಸೀಳುತ್ತದೆ. ಒಮ್ಮೆ ಬೆಂಕಿ ಕಂಡ ಮಣ್ಣು, ಬೆಂಕಿ ಕಾಣದ ಮಣ್ಣಿಗೆ ಬಲ ಕೊಡುತ್ತದೆ. ಸೋಲಿನ ಸೌಂದರ್ಯ ಎಂಬುದಿದ್ದರೆ ಅದು ನನಗೆ ಸ್ಪಷ್ಟವಾಗಿ ಕಂಡದ್ದು ಇಲ್ಲಿ. ಒಡೆದದ್ದರಲ್ಲಿ ಅಲ್ಲ. ಒಡೆದದ್ದು ಇನ್ನೊಂದನ್ನು ಒಡೆಯದಂತೆ ಕಾಯುವುದರಲ್ಲಿ.

ಇನ್ನೊಂದನ್ನೂ ಯೋಚಿಸಿರಿ. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ರಂಧ್ರಗಳಿರುತ್ತವೆ. ನೀರು ಅವುಗಳಿಂದ ಒಸರಿ, ಆರುವಾಗ ಒಳಗಿನ ಕಾವನ್ನು ಹೀರಿಕೊಂಡು ಹೋಗುತ್ತದೆ. ಆದ್ದರಿಂದಲೇ ಒಳಗಿನ ನೀರು ತಂಪು. ಒಂದು ಹನಿಯನ್ನೂ ಬಿಟ್ಟುಕೊಡದ ಸ್ಟೀಲಿನ ಕೊಡ ಯಾರ ಬಾಯಾರಿಕೆಯನ್ನೂ ಹಾಗೆ ತಣಿಸದು. ನಾವು ಕೊರತೆಯೆಂದು ಬಗೆಯುವುದೇ ಎಷ್ಟೋ ಸಲ ಕೊಡುವ ಗುಣದ ಬಾಗಿಲು.

ಮಡಕೆ ಮತ್ತು ಮನುಷ್ಯ

ಸೂರಃ ಅರ್ರಹ್ಮಾನಿನಲ್ಲಿ ಅಲ್ಲಾಹನು ಮನುಷ್ಯನ ಸೃಷ್ಟಿಯನ್ನು ನೆನಪಿಸುವಾಗ ಕುಂಬಾರನ ಮಡಕೆಯ ಹೋಲಿಕೆಯನ್ನೇ ತಂದಿದ್ದಾನೆ. ಅಲ್ಲಿ ಬಳಕೆಯಾದ ಪದ 'ಸಲ್‌ಸಾಲ್'. ಬಡಿದರೆ ಸದ್ದು ಕೊಡುವ ಒಣಮಣ್ಣು ಎಂದು ಅದರ ಅರ್ಥ. ಮದ್ರಸದಲ್ಲಿ ಈ ಪದವನ್ನು ನಾನು ಎಷ್ಟೋ ಸಲ ಓದಿದ್ದೆ, ಅರ್ಥ ಬರೆದಿದ್ದೆ. ಅದರ ದನಿ ಕಿವಿಗೆ ಬಿದ್ದದ್ದು ಮಾತ್ರ ಕಮಲಾಪುರದ ಆ ಸೊಸೆ ಮಡಕೆಗಳನ್ನು ಬಡಿಯುತ್ತಿದ್ದಾಗ. ಆಗ ನನ್ನ ಮಾತು ನನಗೇ ತಿರುಗಿ ಬಂತು: "ನಿನ್ನ ತಲೆಯಲ್ಲಿ ಬರೀ ಮಣ್ಣು ತುಂಬಿದೆ." ಯಾರ ತಲೆಯಲ್ಲಿ ತುಂಬಿಲ್ಲ, ಓದುಗರೇ? ನಾವೆಲ್ಲ ಅದರಿಂದಲೇ ಆದವರಲ್ಲವೇ? ಬೈಗುಳವೆಂದು ನಾನು ಎಸೆದದ್ದು ನಮ್ಮೆಲ್ಲರ ಮೂಲದ ಹೆಸರನ್ನು.

ಆದರೆ ಹೋಲಿಕೆಯನ್ನು ಅದರ ಎಲ್ಲೆ ಮೀರಿ ಎಳೆಯಬಾರದು. ಸುಡದ ಮಡಕೆ ಒಡೆದರೆ ನೀರಿನಲ್ಲಿ ನೆನೆಹಾಕಿ ಮತ್ತೆ ಮಣ್ಣು ಮಾಡಬಹುದು. ಕಾವು ಸುಮಾರು 500 ಡಿಗ್ರಿ ದಾಟಿ ಮಣ್ಣಿನ ಕಣಕಣದಲ್ಲಿ ಬೆಸೆದಿದ್ದ ನೀರೂ ಹೊರಟುಹೋಯಿತೆಂದರೆ ಮುಗಿಯಿತು. ನೂರು ವರ್ಷ ನೆನೆಸಿದರೂ ಅದು ಮತ್ತೆ ಮೆತ್ತಗಾಗದು. ಮಡಕೆಗೆ ಮರಳುವ ದಾರಿಯಿಲ್ಲ. ಮನುಷ್ಯನಿಗೆ ಇದೆ. ಕೊನೆಯ ಉಸಿರಿನವರೆಗೆ ತೌಬಾದ ಬಾಗಿಲು ತೆರೆದಿರುತ್ತದೆ. ಆ ದಯೆ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಮಡಕೆ ಮತ್ತು ಮನುಷ್ಯನ ನಡುವಿನ ಈ ಅಂತರವನ್ನು ನೋಡಬೇಕು.

ಹಾಗಿರುವಾಗ ಹದಿನಾರು ವರ್ಷದ ಒಬ್ಬ ಹುಡುಗನನ್ನು ಒಂದು ಸಲ ಬಡಿದು ನೋಡಿ, ದಬ್ ಎಂದನೆಂದು ಬದಿಗಿಡಲು ನಾನು ಯಾರು? ಅವನ ಆವಿಗೆ ಇನ್ನೂ ಉರಿಯುತ್ತಿದೆ. ತೇವ ಆರುವ ಮೊದಲೇ ಬೆಂಕಿಗೆ ಒಡ್ಡಿದವನು ಬಹುಶಃ ನಾನೇ. ಮೂರು ವರ್ಷದ ಕನ್ನಡವನ್ನು ಮೂರು ತಿಂಗಳಲ್ಲಿ ಕಲಿಸಿಬಿಡುತ್ತೇನೆಂದು ಗಡಿಬಿಡಿ ಮಾಡಿದವನು ನಾನು. ಕಮಲಾಪುರದ ಹಿರಿಯರು "ಇದು ಬೆಂಕಿ ತಪ್ಪಲ್ರೀ, ನಂದು" ಎಂದು ಹೇಳಿದ ಧೈರ್ಯ ನನಗೂ ಬರಬೇಕಿತ್ತು.

ಊರಿಗೆ ಮರಳಿದ ಮರುದಿನ ಅಸರ್ ನಮಾಝಿನ ಅನಂತರ ಆ ಹುಡುಗನ ಮನೆಗೆ ಹೋದೆ. ಅವನ ತಾಯಿ ಚಹಾ ತಂದರು. ಅವನು ಒಳಗಿಂದ ಹೊರಬರಲು ಬಹಳ ಹೊತ್ತು ಹಿಡಿಯಿತು. ತರಗತಿಯ ಮುಂದೆ ಆಡಿದ ಮಾತಿಗೆ ಅವನ ತಾಯಿಯ ಮುಂದೆಯೇ ಕ್ಷಮೆ ಕೇಳಿದೆ. ಅವನು ಏನೂ ಹೇಳಲಿಲ್ಲ. ಬೂಟಿನ ತುದಿಯಿಂದ ನೆಲ ಕೆದಕುತ್ತಾ ನಿಂತ. ಹೊರಡುವಾಗ ಅವನ ತಾಯಿ, "ಇನ್ನೊಮ್ಮೆ ಪರೀಕ್ಷೆಗೆ ಕಟ್ಟಲೋ ಬೇಡವೋ ಅಂತಿದ್ದಾನೆ ಸರ್" ಎಂದರು. "ಕಟ್ಟಲಿ. ಸಂಜೆ ಒಂದು ಗಂಟೆ ನಮ್ಮ ಮನೆಗೆ ಬರಲಿ" ಎಂದೆ. ಮೊದಲ ಎರಡು ಸಂಜೆ ಅವನು ಬರಲಿಲ್ಲ. ಮೂರನೆಯ ಸಂಜೆ ಬಂದ. ಈಗ ಒತ್ತಕ್ಷರದಿಂದ ಮತ್ತೆ ಶುರುಮಾಡಿದ್ದೇವೆ. ಅವನು ಪಾಸಾಗುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಲೇಖನವನ್ನು ಅವನ ಗೆಲುವಿನ ಸುದ್ದಿಯೊಂದಿಗೆ ಮುಗಿಸಲು ಕಾದಿರಬಹುದಿತ್ತು. ಕಾಯಲಿಲ್ಲ. ಗೆದ್ದರೆ ಮಾತ್ರ ಈ ಕೆಲಸಕ್ಕೆ ಬೆಲೆಯೆಂದರೆ ನಾನು ಏನನ್ನೂ ಕಲಿಯಲಿಲ್ಲವೆಂದಾಗುತ್ತದೆ.

ಪ್ರಯೋಜನವಾಗುವುದಕ್ಕಾಗಿ ಶ್ರಮಿಸು, ಅಲ್ಲಾಹನ ನೆರವು ಬೇಡು, ಕೈಚೆಲ್ಲಿ ಕೂರಬೇಡ, ಆದದ್ದು ಆದ ಮೇಲೆ 'ಹಾಗೆ ಮಾಡಿದ್ದರೆ' ಎಂದು ಕೊರಗಬೇಡ ಎಂಬ ಅರ್ಥದ ಪ್ರವಾದಿ(ಸ) ಬೋಧನೆ ನಮ್ಮ ಮುಂದಿದೆ. ತಪ್ಪಿನಿಂದ ಕಲಿಯುವುದು ಕೊರಗಲ್ಲ. ಅದು ಮುಂದಿನ ಆವಿಗೆಗೆ ಹದ ಮಾಡಿದ ಮಣ್ಣು. ಮಣ್ಣು ಸೋಸುವುದು, ತಾಳ್ಮೆಯಿಂದ ಒಣಗಿಸುವುದು, ಸರಿಯಾಗಿ ಜೋಡಿಸುವುದು ನಮ್ಮ ಪಾಲು. ಬೆಂಕಿ ಏನು ಬರೆಯುತ್ತದೋ ಅದು ಅವನ ಪಾಲು. ನಮ್ಮ ಪಾಲಿನಲ್ಲಿ ಕಳ್ಳತನ ಮಾಡದಿರೋಣ. ಅವನ ಪಾಲನ್ನು ನಮ್ಮದೆಂದು ಮೆರೆಯದಿರೋಣ.

ಮಿತ್ರರೇ, ಬರುವ ಬೇಸಿಗೆಯಲ್ಲಿ ಮಡಕೆ ಕೊಳ್ಳಲು ಹೋದಾಗ ಖಂಡಿತ ಬಡಿದು ನೋಡಿರಿ, ಅದು ನಿಮ್ಮ ಹಕ್ಕು. ಗಟ್ಟಿಯಿದ್ದೂ ಕರಿ ಬಿದ್ದ ಒಂದು ಕೊಡ ಕಂಡರೆ ಮಾತ್ರ ಅದನ್ನು ಕೆಳಗಿಡಬೇಡಿರಿ. ಹಾಗೆಯೇ ಈ ಸಲ ನಿಮ್ಮ ಮನೆಯಲ್ಲಾಗಲಿ, ನೆರೆಮನೆಯಲ್ಲಾಗಲಿ ನಪಾಸಾದ ಮಗುವೊಂದಿದ್ದರೆ ಅದನ್ನು ಬಡಿದು ನೋಡಬೇಡಿರಿ. ಹತ್ತಿರ ಕೂರಿಸಿಕೊಂಡು ಒಂದು ಲೋಟ ತಣ್ಣನೆಯ ನೀರು ಕೊಡಿರಿ. ನಮ್ಮ ಶಾಲೆಯ ಜಗಲಿಯಲ್ಲಿ ತಗ್ಗು ಬಿದ್ದ ಆ ಹರವಿ ಈಗಲೂ ಇದೆ. ಸ್ವಲ್ಪ ವಾಲುತ್ತದೆ. ಬುಡಕ್ಕೆ ಒಂದು ಬೋಕಿ ಕೊಟ್ಟು ನಿಲ್ಲಿಸಿದ್ದೇವೆ. ಮಕ್ಕಳು ಅದರ ನೀರೇ ಹೆಚ್ಚು ತಂಪೆನ್ನುತ್ತಾರೆ.

ನಮ್ಮ ಕೈಯ ಕೆಲಸದಲ್ಲಿ ಪ್ರಾಮಾಣಿಕತೆಯನ್ನೂ, ಕೈ ಮೀರಿದ್ದರಲ್ಲಿ ಸಮಾಧಾನವನ್ನೂ, ಇನ್ನೊಬ್ಬರನ್ನು ಅಳೆಯುವಾಗ ಕರುಣೆಯನ್ನೂ ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.